ವಿದ್ಯುತ್ತು ಒಂದೇ ದಾರಿ ಹಿಡಿಯುವುದಿಲ್ಲ: ಒಂದು ಸ್ಪಷ್ಟನೆ

‘ವಿದ್ಯುತ್ತು ಅತಿ ಕಡಿಮೆ ರೋಧವಿರುವ ದಾರಿಯಲ್ಲಷ್ಟೇ ಹರಿಯುತ್ತದೆ, ಉಳಿದ ದಾರಿಗಳನ್ನು ಮುಟ್ಟುವುದಿಲ್ಲ’ ಎಂಬ ಮಾತು ಹರಿದಾಡುತ್ತಿದೆ. (ರೋಧವೆಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ.) ಕೇಳಲು ಸರಿ ಎನಿಸುತ್ತದೆ. ಆದರೆ ತಪ್ಪು, ನಂಬಿದರೆ ಅಪಾಯವೂ ಹೌದು.

ತೆರೆದಿರುವ ಎಲ್ಲ ದಾರಿಗಳಲ್ಲೂ ವಿದ್ಯುತ್ತು ಹರಿಯುತ್ತದೆ. ಎಷ್ಟೆಷ್ಟು ಎಂಬುದನ್ನು ಆಯಾ ದಾರಿಯ ವಾಹಕತೆ ನಿರ್ಧರಿಸುತ್ತದೆ. ವಾಹಕತೆ ರೋಧಕ್ಕಿಂತ ಬೇರೆ ಗುಣವೇನಲ್ಲ, 1ನ್ನು ರೋಧದಿಂದ ಭಾಗಿಸಿದರೆ ಸಿಗುವುದೇ ಅದು.

10 ವೋಲ್ಟ್ ಬ್ಯಾಟರಿಗೆ 10 ಓಮ್ ಮತ್ತು 1000 ಓಮ್‌ಗಳ ಎರಡು ರೋಧಕಗಳನ್ನು ಸಮಾಂತರವಾಗಿ, ಅಂದರೆ ಎರಡೂ ಬೇರೆ ಬೇರೆ ದಾರಿಗಳಾಗುವಂತೆ, ಜೋಡಿಸಿ. ಅವುಗಳ ವಾಹಕತೆ 0.1 ಮತ್ತು 0.001 ಸೀಮೆನ್ಸ್ (ವಾಹಕತೆಯ ಏಕಮಾನ). ಮೊದಲನೆಯದರಲ್ಲಿ 1 ಆಂಪಿಯರ್ ಹರಿದರೆ, ಎರಡನೆಯದರಲ್ಲಿ 10 ಮಿಲಿಆಂಪಿಯರ್. ನೂರರಲ್ಲೊಂದು ಪಾಲು, ಸೊನ್ನೆಯಲ್ಲ! ಅಷ್ಟೇ ವಿದ್ಯುತ್ತು ಮನುಷ್ಯನ ಮೈಯಲ್ಲಿ ಹರಿದರೂ ಸ್ನಾಯು ಬಿಗಿದು ನೋವಾಗುತ್ತದೆ.

ಸಮಾಂತರ ಜೋಡಣೆಯಲ್ಲಿ ವಾಹಕತೆಗಳನ್ನು ನೇರವಾಗಿ ಕೂಡಬಹುದು: ಒಟ್ಟು 0.101 ಸೀಮೆನ್ಸ್, ಅಂದರೆ ಸುಮಾರು 9.9 ಓಮ್. ದಾರಿ ಹೆಚ್ಚಿದಷ್ಟೂ ಒಟ್ಟು ರೋಧ ಇಳಿಯುವುದು ಹೀಗೆ. (ಸೀಮೆನ್ಸ್ ಏಕಮಾನಕ್ಕೆ ಹಿಂದೆ ಓಮ್ ಪದವನ್ನೇ ತಿರುಗಿಸಿ ‘ಮ್ಹೋ’ ಎನ್ನುತ್ತಿದ್ದರು, ನನಗೆ ಇಂದಿಗೂ ಅದೇ ಇಷ್ಟ.)

ಕಡಿಮೆ ರೋಧದ ದಾರಿಯಲ್ಲಿ ‘ಹೆಚ್ಚು’ ಹರಿಯುತ್ತದೆ ಎಂದಿದ್ದರೆ ತಕರಾರಿರಲಿಲ್ಲ.