ಪ್ಯಾಟ್ರಿಕ್ ಓಡಿಸಿದ ಹಾವುಗಳು ‘ಡ್ರೂಯಿಡರು’ ಅಲ್ಲ

ಐರ್ಲೆಂಡಿನಲ್ಲಿ ಕ್ರೈಸ್ತಧರ್ಮ ಸಾರಿದ ಸಂತ ಪ್ಯಾಟ್ರಿಕ್ ಅಲ್ಲಿಂದ ಓಡಿಸಿದನೆಂದು ದಂತಕಥೆ ಹೇಳುವ ಹಾವುಗಳೆಂದರೆ ಅಲ್ಲಿನ ಹಳೆಯ ಧರ್ಮದ ಡ್ರೂಯಿಡ್ ಪುರೋಹಿತರು, ಆ ಕಥೆ ನರಮೇಧದ ಗುಪ್ತ ಸಂಕೇತ ಎಂಬ ಸಂದೇಶ ಮಾರ್ಚ್ 17ರ ಪ್ಯಾಟ್ರಿಕ್ ಹಬ್ಬ ಬಂದಾಗ ಹರಿದಾಡುತ್ತದೆ. ಇದಕ್ಕೆ ಆಧಾರವಿಲ್ಲ. 5ನೇ ಶತಮಾನದಲ್ಲಿ ಪ್ಯಾಟ್ರಿಕ್ ಸ್ವತಃ ಲ್ಯಾಟಿನ್‌ನಲ್ಲಿ ಬರೆದ ಆತ್ಮನಿವೇದನೆಯಲ್ಲಿ ಹಾವು ಓಡಿಸಿದ ಮಾತಿಲ್ಲ, ಹತ್ಯಾಕಾಂಡವೂ ಇಲ್ಲ. ಇರುವುದು ಹದಿಹರೆಯದಲ್ಲೇ ಅಪಹರಣಕ್ಕೊಳಗಾಗಿ ಆರು ವರ್ಷ ಗುಲಾಮಗಿರಿ ಅನುಭವಿಸಿದ ಸಂಕಟ, ಓದಬೇಕಾದದ್ದು ಅದನ್ನು. 7ನೇ ಶತಮಾನದ ಚರಿತ್ರಕಾರ ಮುಯಿರ್ಖೂ ಡ್ರೂಯಿಡರೊಂದಿಗೆ ಪ್ಯಾಟ್ರಿಕ್ ನಡೆಸಿದ ಪವಾಡಗಳ ಪೈಪೋಟಿಯನ್ನೂ ಅವರ ಸಾವನ್ನೂ ಹೆಮ್ಮೆಯಿಂದಲೇ ವರ್ಣಿಸುತ್ತಾನೆ. ಹಾಗಿರುವಾಗ ಹಾವಿನ ಮರೆ ಯಾಕೆ ಬೇಕಿತ್ತು?

ಐರ್ಲೆಂಡಿನಲ್ಲಿ ಹಾವಿಲ್ಲವೆಂದು ಪ್ಯಾಟ್ರಿಕ್‌ಗಿಂತ ಮೊದಲೇ ರೋಮನ್ ಲೇಖಕ ಸೋಲಿನಸ್ ಬರೆದಿದ್ದ. ಹಾವು ಓಡಿಸಿದ ಕಥೆ ಹರಡಿದ್ದು 12ನೇ ಶತಮಾನದಲ್ಲಿ. ಆಗಲೇ ವೇಲ್ಸ್‌ನ ಬರಹಗಾರ ಜೆರಾಲ್ಡ್ ಅದನ್ನು ನಂಬಿರಲಿಲ್ಲ. ಹಿಮಯುಗ ಮುಗಿದ ಮೇಲೆ ಸಮುದ್ರ ಅಡ್ಡ ಬಂದದ್ದರಿಂದ ಹಾವುಗಳು ಆ ದ್ವೀಪ ತಲುಪಲೇ ಇಲ್ಲ.