ಪ್ರಶಸ್ತಿಗಿಂತ ಪ್ರಯೋಗದ ಕಥೆ ದೊಡ್ಡದು

ನಿದ್ದೆಯ ಗುಟ್ಟು ಹುಡುಕಿದ ಜಪಾನಿನ ವಿಜ್ಞಾನಿ ಮಸಾಶಿ ಯಾನಗಿಸಾವಾ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿದೆ. ಆದರೆ ಅವರಿಗೆ ಬಂದ 2023ರ ಬ್ರೇಕ್‌ಥ್ರೂ ಪ್ರಶಸ್ತಿಗೆ ಕೊಟ್ಟ ಜಾಗ ಜಾಸ್ತಿ ಆಯ್ತು, ಕೆಲಸ ನಡೆದ ರೀತಿಗೆ ಕಮ್ಮಿ. ಅಸಲಿ ಮಜಾ ಇರುವುದು ಅಲ್ಲೇ ಅಲ್ವಾ?

ಸಾಮಾನ್ಯವಾಗಿ ಮೊದಲು ಹಾರ್ಮೋನ್ ಸಿಗುತ್ತಿತ್ತು, ಆಮೇಲೆ ಅದರ ರಿಸೆಪ್ಟರ್ (ಅದನ್ನು ಗುರುತಿಸಿ ಸ್ಪಂದಿಸುವ ಜೀವಕೋಶದ ಪ್ರೋಟೀನ್) ಹುಡುಕುತ್ತಿದ್ದರು. ಇವರು ಉಲ್ಟಾ ಹೋದರು. ಯಾವುದಕ್ಕೆ ಸ್ಪಂದಿಸುತ್ತದೆ ಎಂದೇ ಗೊತ್ತಿಲ್ಲದ ‘ಅನಾಥ’ ರಿಸೆಪ್ಟರ್‌ಗಳನ್ನು ಜೀವಕೋಶಗಳಲ್ಲಿ ಕೂರಿಸಿದರು. ಮೇಲೆ ಮೆದುಳಿನಿಂದ ತೆಗೆದ ಸಾರ ಹಾಕಿ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದಾ ಅಂತ ನೋಡುತ್ತಾ ಹೋದರು; ಏರಿದರೆ ರಿಸೆಪ್ಟರ್ ಸ್ಪಂದಿಸಿತು ಅಂತ ಅರ್ಥ. ಬೀಗ ಹಿಡಿದುಕೊಂಡು ಕೀಲಿ ಹುಡುಕಿದ ಹಾಗೆ. 1998ರಲ್ಲಿ ಒರೆಕ್ಸಿನ್ ಎಂಬ ಪೆಪ್ಟೈಡ್ (ಪ್ರೋಟೀನಿನಂಥದ್ದೇ, ಆದರೆ ಚಿಕ್ಕ ಅಣು) ಸಿಕ್ಕಿತು. ಅದನ್ನು ಮೆದುಳಿಗೆ ಕೊಟ್ಟಾಗ ಇಲಿಗಳು ಹೆಚ್ಚು ತಿಂದವು. ಸರಿ, ಹಸಿವಿನ ಪೆಪ್ಟೈಡ್ ಅಂದುಕೊಂಡರು.

ಆಮೇಲೆ ಒರೆಕ್ಸಿನ್ ಇಲ್ಲದ ಇಲಿಗಳನ್ನು ಮಾಡಿದರು. ಇಲಿಯ ಓಡಾಟ ರಾತ್ರಿ ತಾನೇ, ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟರು. ಚುರುಕಾಗಿ ಓಡಾಡುತ್ತಿದ್ದ ಇಲಿ ಇದ್ದಕ್ಕಿದ್ದಂತೆ ಧೊಪ್ಪನೆ ಕುಸಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ಓಡುತ್ತಿತ್ತು. ನಾರ್ಕೋಲೆಪ್ಸಿ, ಅಂದರೆ ಎಚ್ಚರವಿದ್ದಾಗಲೇ ನಿದ್ದೆ ಮುತ್ತುವ, ಇದ್ದಕ್ಕಿದ್ದಂತೆ ಕುಸಿಯುವಂತೆ ಮಾಡುವ ಕಾಯಿಲೆ! ಅದೇ ವರ್ಷ, 1999ರಲ್ಲಿ, ಸ್ಟ್ಯಾನ್‌ಫರ್ಡ್‌ನ ಎಮ್ಯಾನುಯೆಲ್ ಮಿನ್ಯೋ ತಂಡ, ಈ ಕಾಯಿಲೆಯ ನಾಯಿಗಳಲ್ಲಿ ಒರೆಕ್ಸಿನ್ ರಿಸೆಪ್ಟರ್ ಜೀನೇ ಕೆಟ್ಟಿದೆ ಅಂತ ತೋರಿಸಿತು. ಹಸಿವಿನಿಂದ ನಿದ್ದೆ-ಎಚ್ಚರದ ಕಡೆಗೆ ಆದ ಇಷ್ಟು ದೊಡ್ಡ ತಿರುವನ್ನು ಲೇಖನ ಸುಮ್ನೆ ಒಂದು ಸಾಲಲ್ಲಿ ಮುಗಿಸಿದೆ.

ಇನ್ನೊಂದು ಮಾತು. 1988ರಲ್ಲಿ ರಕ್ತನಾಳ ಬಿಗಿಸುವ ಎಂಡೋಥೆಲಿನ್ ಎಂಬ ಪೆಪ್ಟೈಡ್ ಕಂಡುಹಿಡಿದಾಗ ಯಾನಗಿಸಾವಾ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ. ಅದನ್ನೂ ಸೇರಿಸಬೇಕಿತ್ತು.