ಏಳನೇ ಕ್ಲಾಸಿಗೆ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಅಂತ ಇಂಗ್ಲಿಷ್ ವಾಕ್ಯದ ವಿಧ ಎಲ್ಲ ಬೇಕಾ?

ಪರ

ನಮ್ಮಕ್ಕನ ಮಗ ಏಳನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಅವನ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿದ್ರೆ ಸಂತೆ ಬಗ್ಗೆ ಪ್ರಬಂಧ, 'ಮೈ ಫಾದರ್ ವೆಂಟ್ ಟು ಸಂತೆ ಅಂಡ್ ಹಿ ಬಾಟ್ ಟೊಮೆಟೊ ಅಂಡ್ ಹಿ ಕೇಮ್ ಇನ್ ಬಸ್ ಅಂಡ್', ಹೀಗೇ ಅರ್ಧ ಪೇಜು, ಒಂದು ಫುಲ್‌ಸ್ಟಾಪಿಲ್ಲ. ಹುಡುಗ ದಡ್ಡ ಅಲ್ಲ. ಕನ್ನಡದಲ್ಲಿ ನಾವು 'ಸಂತೆಗೆ ಹೋಗಿ ಟೊಮೆಟೊ ತಗೊಂಡು ಬಸ್ಸು ಹತ್ತಿ ಬಂದ್ರು' ಅಂತ ಒಂದೇ ಉಸಿರಲ್ಲಿ ಹೇಳ್ತೀವಿ, ಕೊನೇಲಿ ಒಂದು ಪೂರ್ಣ ಕ್ರಿಯಾಪದ ಇದ್ರೆ ಸಾಕು. ಇಂಗ್ಲಿಷಲ್ಲಿ ಆ ಹೋಗಿ, ತಗೊಂಡು, ಹತ್ತಿ ಹಾಗೇ ಇಳಿಯಲ್ಲ, ಅದಕ್ಕೆ ಕೈಗೆ ಸಿಕ್ಕ ಅಂಡ್ ಹಾಕ್ತಾನೆ. ಯಾರಾದ್ರೂ ಬಿಡಿಸಿ ತೋರಿಸ್ಬೇಕಲ್ವಾ? 'ನಿನ್ನೆ ಬಂದಿದ್ದ ಹುಡುಗ' ಅನ್ನೋದ್ರಲ್ಲಿ ಹುಡುಗ ಕೊನೇಲಿ ಬರ್ತಾನೆ, 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ' ಅಂದ್ರೆ ಪೂರ್ತಿ ಉಲ್ಟಾ. 'ದೋ' (though, ಅಂದ್ರೆ 'ಆದರೂ') ಹಾಕಿ ಮೇಲೆ 'ಬಟ್' ಕೂಡ ಹಾಕೋದು ನಾನು ಡಿಗ್ರಿವರೆಗೂ ಮಾಡ್ತಿದ್ದೆ, ಎರಡರಲ್ಲಿ ಒಂದೇ ಸಾಕು ಅಂತ ಯಾರೂ ಹೇಳಿರ್ಲಿಲ್ಲ.

ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಹೊಸ ಹೊರೆ ಏನಲ್ಲ, ಕನ್ನಡ ವ್ಯಾಕರಣದಲ್ಲೂ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ (ಸ್ವತಂತ್ರ ವಾಕ್ಯಗಳು ಸೇರಿದ್ದು), ಮಿಶ್ರ ವಾಕ್ಯ (ಒಂದು ಇನ್ನೊಂದಕ್ಕೆ ಅಧೀನವಾಗಿರೋದು) ಅಂತ ಇದ್ದೇ ಇದೆ. ಅಮೆರಿಕದಲ್ಲಿ ಯಾವ ಕ್ಲಾಸಿಗೆ ಏನು ಕಲೀಬೇಕು ಅಂತ ಹೇಳೋ 2010ರ ಕಾಮನ್ ಕೋರ್‌ನಲ್ಲೂ ಇದು ಏಳನೇ ಗ್ರೇಡಿಗೇ ಇರೋದು, ಆದ್ರೆ ಅಲ್ಲಿ ಕೇಳೋದು ಗುರುತಿಸೋದನ್ನಲ್ಲ, ಹೇಳೋ ವಿಷಯಕ್ಕೆ ತಕ್ಕ ವಾಕ್ಯ ಆರಿಸ್ಕೊಳ್ಳೋದನ್ನ.

ವಿರೋಧ

ಅದೇ ನೋಟ್‌ಬುಕ್ಕಿನ ಮುಂದಿನ ಪೇಜು ತಿರುವಿದೆ. ವಾಕ್ಯದ ವಿಧ ಗುರುತಿಸೋ ಟೆಸ್ಟು, ಹತ್ತಕ್ಕೆ ಒಂಬತ್ತು! ಹೆಂಗೋ ಅಂದ್ರೆ 'ಮಾವ, ಅಂಡ್, ಬಟ್ ಇದ್ರೆ ಕಾಂಪೌಂಡು, ವೆನ್, ಬಿಕಾಸ್ ಇದ್ರೆ ಕಾಂಪ್ಲೆಕ್ಸು, ಏನೂ ಇಲ್ದಿದ್ರೆ ಸಿಂಪಲ್ಲು' ಅಂದ. ತಪ್ಪಿದ್ದು ಯಾವ್ದು ಗೊತ್ತಾ, 'ರವಿ ಅಂಡ್ ಗೀತಾ ವೆಂಟ್ ಟು ದ ಫೇರ್'. ಅಲ್ಲಿ ಅಂಡ್ ಸೇರಿಸಿರೋದು ಎರಡು ಹೆಸರನ್ನ ಅಷ್ಟೇ, ಎರಡು ವಾಕ್ಯನ ಅಲ್ಲ, ಹಾಗಾಗಿ ಅದು ಸಿಂಪಲ್, ಇವನು ಅಂಡ್ ಕಂಡ ತಕ್ಷಣ ಕಾಂಪೌಂಡ್ ಅಂತ ಗೀಚಿದ್ದಾನೆ. ವಾಕ್ಯ ಓದೇ ಇಲ್ಲ.

ಇದು ಹಳೇ ಜಗಳ. 1963ರಲ್ಲೇ ಅಮೆರಿಕದಲ್ಲಿ ಬ್ರಾಡಕ್ ಅನ್ನೋ ಸಂಶೋಧಕರು ಮತ್ತಿಬ್ಬರು ಸೇರಿ ಅಲ್ಲಿವರೆಗಿನ ಸಂಶೋಧನೆ ಎಲ್ಲ ಜಾಲಾಡಿ, ಬರೀ ವ್ಯಾಕರಣ ಪಾಠದಿಂದ ಬರವಣಿಗೆ ಸುಧಾರಿಸಲ್ಲ, ಬರೆಯೋ ಟೈಮನ್ನ ಅದು ತಿಂದ್ರೆ ನಷ್ಟಾನೂ ಆಗ್ಬಹುದು ಅಂದಿದ್ರು. ಬರವಣಿಗೆ ಕಲಿಸೋದ್ರ ಬಗ್ಗೆ ಅಲ್ಲೇ ಬಂದ 2007ರ ಗ್ರಹಾಂ-ಪೆರಿನ್ ವರದಿಲಿ ಬರವಣಿಗೆ ಮೇಲೆ ವ್ಯಾಕರಣ ಪಾಠದ ಪರಿಣಾಮ ಮೈನಸ್ 0.32 (ಮೈನಸ್ ಅಂದ್ರೆ ಉಳಿದವರಿಗಿಂತ ಹಿಂದೆ ಬಿದ್ರು ಅಂತ), ಚಿಕ್ಕ ಚಿಕ್ಕ ವಾಕ್ಯ ಜೋಡಿಸೋ ಅಭ್ಯಾಸದ್ದು ಪ್ಲಸ್ 0.50. ಮನೇಲಿ ಇಂಗ್ಲಿಷೇ ಕೇಳದ ನಮ್ಮ ಮಕ್ಕಳಿಗೆ ಆ ಲೆಕ್ಕ ಹಾಗೇ ಹಾಕೋಕಾಗಲ್ಲ, ಒಪ್ತೀನಿ, ಆದ್ರೆ ಕೇಳದೇ ಇರೋರಿಗೆ ತಾನೇ ಓದೋದು ಬರೆಯೋದು ಇನ್ನೂ ಜಾಸ್ತಿ ಬೇಕಾಗಿರೋದು.

ಅವತ್ತು ಸಂಜೆ ಸಿಂಪಲ್ಲು, ಕಾಂಪೌಂಡು ಅನ್ನೋ ಹೆಸರುಗಳನ್ನೆಲ್ಲ ಬಿಟ್ಟು ಆ ಸಂತೆ ಪ್ರಬಂಧದ ಮುಂದೇನೇ ಪೆನ್ಸಿಲ್ ಹಿಡ್ಕೊಂಡು ಕೂತ್ವಿ. ಎರಡು ಅಂಡ್ ಹೊಡೆದು ಹಾಕಿ ಫುಲ್‌ಸ್ಟಾಪ್ ಇಟ್ಟ, ಆಮೇಲೆ ತಲೆ ಕೆರ್ಕೊಂಡು ಒಂದು ಕಡೆ ತಾನೇ 'ಆಫ್ಟರ್' ಸೇರಿಸ್ದ. ಅದು ಕಾಂಪ್ಲೆಕ್ಸ್ ಆಯ್ತು ಅಂತ ಅವನಿಗೆ ಹೊಳೀಲಿಲ್ಲ, ನಾನೂ ಹೇಳೋಕೆ ಹೋಗ್ಲಿಲ್ಲ.